ಒಳಕೋಣೆಯ ಅಗುಳಿ

ನಮ್ಮ ಮನೆಯ ಒಳಕೋಣೆಯ ಬಾಗಿಲನ್ನು ಒಡೆಯುತ್ತಿದ್ದವನೂ ಅಪ್ಪನೇ, ರಿಪೇರಿ ಮಾಡುತ್ತಿದ್ದವನೂ ಅಪ್ಪನೇ. ಸಂಜೆ ಒಡೆದರೆ ಮಾರನೆಯ ಬೆಳಿಗ್ಗೆ ಕಾಫಿ ಕುಡಿದು, ಬೀಡಿ ಹಚ್ಚಿ, ಉಳಿ ಕೊಡತಿ ಹಿಡಿದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಸೀಳಿದ ಮರವನ್ನು ಬೆರಳಲ್ಲಿ ಸವರಿ ಲೊಚಗುಟ್ಟುತ್ತಿದ್ದ, ಯಾರೋ ದಾರಿಹೋಕ ಬಂದು ಒದ್ದು ಹೋದ ಹಾಗೆ. ಮರದ ಕೆಲಸ, ಪಾಲಿಶ್ ಕೆಲಸ ಎರಡನ್ನೂ ನಾನು ಕಲಿತದ್ದು ಆ ಬಾಗಿಲಿನ ಮುಂದೆ. ಈಗ ಹುಣಸೂರಿನಲ್ಲಿ ನನ್ನದೇ ಒಂದು ಶೆಡ್ಡಿದೆ. ಜನ ಮೊಬೈಲಿನಲ್ಲಿ ಹಳೇ ಬಾಗಿಲುಗಳ ಫೋಟೋ ಕಳಿಸಿ ಇದು ಸರಿಹೋಗುತ್ತದಾ ಎಂದು ಕೇಳುತ್ತಾರೆ. ಸರಿಮಾಡಿ ಕೊಟ್ಟ ಮೇಲೆ ಹೆಂಗಸು ನೀವು, ಎಲ್ಲಿ ಕಲಿತಿರಿ ಎನ್ನುತ್ತಾರೆ. ಮನೆಯಲ್ಲೇ ಕಲಿತೆ, ಅಪ್ಪ ಕಲಿಸಿದ ಎಂದರೆ ತಲೆದೂಗುತ್ತಾರೆ, ಎಂಥ ಒಳ್ಳೆಯ ಮನೆತನವೋ ಎಂದು. ಆಗ ನನಗೆ ಮೈಯೆಲ್ಲ ಉರಿಯುತ್ತದೆ.

ಪಿರಿಯಾಪಟ್ಟಣದಲ್ಲಿ ನಮ್ಮದು ಹೆಂಚಿನ ಮನೆ. ಮುಂದೆ ಪಡಸಾಲೆ, ಅದರ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಅಪ್ಪನ ತಾಯಿ, ನನ್ನ ಅಜ್ಜಿ. ಬಲಕ್ಕೆ ಅಡುಗೆಮನೆ, ಎಡಕ್ಕೆ ಒಳಕೋಣೆ. ಅಂಗಳದ ತುಂಬ ಗೋಡೆಗೆ ಒರಗಿಸಿದ ಬಾಗಿಲುಗಳು. ಭೇರ್ಯದ ಕಡೆಯೋ ಹಾರನಹಳ್ಳಿಯ ಕಡೆಯೋ ಯಾರಾದರೂ ತೊಟ್ಟಿಮನೆ ಕೆಡವಿ ತಾರಸಿ ಮನೆ ಕಟ್ಟುತ್ತಾರೆಂದು ಸುಳಿವು ಸಿಕ್ಕರೆ ಸಾಕು, ಅಪ್ಪ ಗೂಡ್ಸ್ ಆಟೋ ಮಾಡಿಕೊಂಡು ಓಡುತ್ತಿದ್ದ. ತಂದ ಬಾಗಿಲುಗಳ ಪೇಂಟನ್ನು ಕೆರೆದು, ಹುಳು ತಿಂದ ಕಡೆ ಹೊಸ ಮರದ ತೇಪೆ ಕೂರಿಸಿ, ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಲ್ಲಿ ಪದರ ಪದರವಾಗಿ ತೀಡಿ ಹೊಳೆಯಿಸುತ್ತಿದ್ದ. ಹೊಗೆಸೊಪ್ಪು ಹರಾಜಾಗುವ ಕಾಲದಲ್ಲಿ ಸುತ್ತಲ ಊರುಗಳ ಗೌಡರು ಹೊಸಮನೆಗೆ ಹಳೇ ಬಾಗಿಲೇ ಬೇಕೆಂದು ಹುಡುಕಿಕೊಂಡು ಬರುತ್ತಿದ್ದರು. ಅವರೆದುರು ಅಪ್ಪ ಕರಗಿದ ಬೆಣ್ಣೆ. ಬಂದವರನ್ನು ಕೂರಿಸಿ ಕಾಫಿ ಕೊಡಿಸಿ, 'ಮರಕ್ಕೂ ಜೀವ ಅದೆ ಕಣ್ರೀ, ನೋವಾಗದಂಗೆ ಕೆರೀಬೇಕು' ಎನ್ನುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಮಾತನ್ನು ಯಾರು ಮಾಡಿದರೋ, ನಮ್ಮ ಅಂಗಳದಲ್ಲಿ ನಿಂತೇ ಮಾಡಿರಬೇಕು. ಅನ್ನ, ಸಾರು, ಹಾಸಿಗೆ, ನನ್ನ ಸ್ಕೂಲಿನ ಚೀಲ ಎಲ್ಲವೂ ಸ್ಪಿರಿಟ್ ನಾರುತ್ತಿದ್ದವು. ಅಪ್ಪ ಕುಡಿದಿದ್ದಾನೋ ಇಲ್ಲವೋ ಎಂಬುದು ಅದರಿಂದಾಗಿ ಅವನ ವಾಸನೆಯಿಂದ ತಿಳಿಯುತ್ತಿರಲಿಲ್ಲ, ಅವನು ಚಪ್ಪಲಿ ಬಿಡುವ ರೀತಿಯಿಂದ ತಿಳಿಯಬೇಕಿತ್ತು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತಾರೆ. ನಮ್ಮಲ್ಲಿ ಜಗಳ ಶುರುವಾಗುತ್ತಿದ್ದುದೇ ಉಣ್ಣಲು ಕುಳಿತಾಗ. ಮುದ್ದೆಯಲ್ಲಿ ಒಂದು ಗಂಟು ಸಿಕ್ಕಿದರೆ ಅದು ಅವ್ವನ ಮೈಮೇಲೆ ಏಳುತ್ತಿತ್ತು. ಸಾರಿನ ಸೌಟು, ಹಿತ್ತಾಳೆ ಚೊಂಬು, ಕೂರುವ ಮಣೆ, ಕೈಗೆ ಏನು ಸಿಕ್ಕರೆ ಅದು. ಒಮ್ಮೆ ಬಿಸಿ ಉಪ್ಸಾರಿನ ಪಾತ್ರೆಯನ್ನೇ ಎತ್ತಿ ಬಿಸಾಡಿದ. ಅವ್ವನ ಕುತ್ತಿಗೆಯಿಂದ ತೋಳಿನವರೆಗೆ ಚರ್ಮ ಬಾಡಿದ ಎಲೆಯ ಹಾಗೆ ಸುಲಿದು ಬಂತು. ಅಜ್ಜಿ ನನ್ನನ್ನು ಮೂಲೆಗೆ ಎಳೆದುಕೊಂಡು ತನ್ನ ಸೆರಗನ್ನು ನನ್ನ ಬಾಯಿಗೆ ಒತ್ತಿ ಹಿಡಿಯುತ್ತಿದ್ದಳು. ನಾನು ಕೂಗಿದರೆ ನನಗೂ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಆಮೇಲೆ, ಎಲ್ಲ ಮುಗಿದ ಮೇಲೆ, 'ಎಣ್ಣಿಗೆ ಅಟ ಇರ್ಬಾರ್ದು' ಎಂದು ಗೊಣಗುತ್ತಿದ್ದಳು. ಹೆಣ್ಣಿಗೆ ಹಟ ಇರಬಾರದು, ಗಂಡಿಗೆ ಚಟ ಇರಬಾರದು ಎಂಬ ಗಾದೆಯ ಇನ್ನರ್ಧವನ್ನು ಅವಳು ಹೇಳಿದ್ದನ್ನು ನಾನು ಕೇಳಿಲ್ಲ.

ಅವ್ವನಿಗೆ ಇದ್ದದ್ದು ಒಂದೇ ದಾರಿ, ಒಳಕೋಣೆ. ಒಳಗಿನಿಂದ ಹಾಕಿಕೊಳ್ಳುವ ಅಗುಳಿ ಮನೆಯಲ್ಲಿ ಅದೊಂದಕ್ಕೇ ಇತ್ತು. ಬಾಗಿಲು ಕೋಣೆಯ ಒಳಕ್ಕೆ ತೆರೆಯುತ್ತಿತ್ತು. ಓಡಿಹೋಗಿ, ತಳ್ಳಿ ಮುಚ್ಚಿ, ಮರದ ಅಗುಳಿಯನ್ನು ಸರಿಸಿದರೆ ಅದು ಪಕ್ಕದ ಚೌಕಟ್ಟಿನ ಗುಳಿಯೊಳಗೆ ಹೋಗಿ ಕೂರುತ್ತಿತ್ತು. ಅಪ್ಪ ಹೊರಗಿನಿಂದ ಒದೆಯುತ್ತಿದ್ದ. ಒದೆತಕ್ಕೆ ಗುಳಿಯ ಒಳತುಟಿ ಸೀಳಿ, ಅಗುಳಿ ಕಿತ್ತುಬಂದು, ಬಾಗಿಲು ಹಾರಿ ಗೋಡೆಗೆ ಬಡಿಯುತ್ತಿತ್ತು. ಅಷ್ಟು ಹೊತ್ತಿಗೆ ಅವ್ವನಿಗೆ ಮೂಲೆ ಸೇರಿ ತಲೆಗೆ ಕೈ ಅಡ್ಡ ಇಡುವಷ್ಟು ಸಮಯ ಸಿಕ್ಕಿರುತ್ತಿತ್ತು, ಅಷ್ಟೇ. ಪ್ರತಿ ಶುಕ್ರವಾರ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟ ಮೇಲೆ ಅವಳು ದೀಪದ ಹರಳೆಣ್ಣೆಯಲ್ಲಿ ಬೆರಳದ್ದಿ ಅಗುಳಿಗೂ ಆ ಗುಳಿಗೂ ಸವರುತ್ತಿದ್ದಳು, ಓಡಿ ಬಂದಾಗ ತಡೆಯಿಲ್ಲದೆ ಸರಿಯಲಿ ಎಂದು. ದೇವರ ಗೂಡಿನ ಮುಂದೆ ನಿಲ್ಲುವುದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಲ್ಲುತ್ತಿದ್ದಳು.

ಮಾರನೆಯ ಬೆಳಗಿನ ಅಪ್ಪ ಬೇರೆ ಮನುಷ್ಯ. ನನ್ನನ್ನು ಕರೆದು ಟಾರ್ಚ್ ಹಿಡಿಸುತ್ತಿದ್ದ. ಸೀಳಿದ್ದನ್ನು ಚೊಕ್ಕವಾಗಿ ಕೊರೆದು ತೆಗೆಯುವುದು, ಅದೇ ಎಳೆಯ ಮರ ಆರಿಸುವುದು, ತೇಪೆಯನ್ನು ಬೇಕಾದುದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿಯೇ ಕುಯ್ದು ಆಮೇಲೆ ಉಜ್ಜಿ ಉಜ್ಜಿ ಕೂರಿಸುವುದು, ಹೊಸ ಮರದ ಬಿಳುಪು ಕಾಣದಂತೆ ಕಡುಚಹಾ ಬಳಿದು ಮುದಿ ಮಾಡುವುದು, ಎಲ್ಲವನ್ನೂ ಹೇಳಿಕೊಟ್ಟ. ಬೈಯಲಿಲ್ಲ, ಅವಸರ ಮಾಡಲಿಲ್ಲ. ಅಷ್ಟು ತಾಳ್ಮೆಯ ಗುರು ನನಗೆ ಯಾವ ಸ್ಕೂಲಿನಲ್ಲೂ ಸಿಗಲಿಲ್ಲ. ಒಂದು ದಿನ ಬಾಗಿಲಿನ ಹಲಗೆಯ ಮೇಲೆ ಅವ್ವನ ರಕ್ತ ಹತ್ತಿ ಒಣಗಿತ್ತು. ನಾನು ಒಲೆಯ ಮೇಲಿದ್ದ ಬಿಸಿನೀರು ತಂದೆ. ಅಪ್ಪ ನನ್ನ ಕೈ ಹಿಡಿದುಕೊಂಡ.

"ಬಿಸ್ನೀರು ಬ್ಯಾಡ ಮಗ. ಬಿಸಿ ತಾಕುದ್ರೆ ರಕ್ತ ಮರದೊಳಕ್ಕೆ ಕಚ್ಕಬುಡ್ತದೆ, ಆಮೇಲೆ ಏನ್ ಮಾಡುದ್ರೂ ಓಗಕ್ಕಿಲ್ಲ. ತಣ್ಣೀರಲ್ಲಿ ನೆನೆಸ್ಕಂಡು ಮೆಲ್ಲುಗೆ ಒರ್ಸು."

ನಾನು ಮೆಲ್ಲಗೆ ಒರೆಸಿದೆ. ಅವ್ವ ಅಡುಗೆಮನೆಯಲ್ಲಿ ಊದಿಕೊಂಡ ತುಟಿಯಲ್ಲೇ ಒಲೆ ಊದುತ್ತಿದ್ದಳು. ಈ ವಿದ್ಯೆ ಈಗಲೂ ನನಗೆ ಉಪಯೋಗಕ್ಕೆ ಬರುತ್ತದೆ, ಕೆಲಸ ಮಾಡುವಾಗ ಉಳಿ ತಾಗಿ ಬೆರಳು ಕುಯ್ದುಕೊಳ್ಳುವುದು ಇದ್ದದ್ದೇ. ಆದರೆ ತಣ್ಣೀರಿನಲ್ಲಿ ಬಟ್ಟೆ ಅದ್ದುವಾಗಲೆಲ್ಲ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತದೆ.

ರಜೆಯಲ್ಲಿ ಅಪ್ಪ ನನ್ನನ್ನು ಗಿರಾಕಿಗಳ ಮನೆಗೂ ಕರೆದೊಯ್ಯುತ್ತಿದ್ದ. ಹಾರನಹಳ್ಳಿಯ ಹತ್ತಿರ ಒಬ್ಬ ಗೌಡರ ಹೊಸಮನೆಗೆ ಹಳೇ ತಲೆಬಾಗಿಲು ಕೂರಿಸುವ ಕೆಲಸ. ಅದರ ಚೌಕಟ್ಟಿನಲ್ಲೂ ಅಗುಳಿಯ ಗುಳಿ ಸೀಳಿತ್ತು, ನಮ್ಮ ಮನೆಯದರ ಹಾಗೆಯೇ. ನಾನು ಟಾರ್ಚ್ ಹಿಡಿದು ಕೂತೆ. ಅಪ್ಪ ಅಲ್ಲಿ ಮಾಡಿದ ಕೆಲಸ ನೋಡಿ ದಂಗಾದೆ. ಮೇಲೆ ಮೇಲೆ ಕೊರೆಯಲಿಲ್ಲ, ಆಳಕ್ಕೆ ಇಳಿದ. ಗುಂಡಿಯ ಬಾಯಿ ಕಿರಿದು, ಹೊಟ್ಟೆ ಅಗಲ. ಅದೇ ಆಕಾರದ ಮತ್ತಿ ಮರದ ತೇಪೆಯನ್ನು ಪಕ್ಕದಿಂದ ಜಾರಿಸಿ ಬಡಿದು ಕೂರಿಸಿದ. ಅದರ ಹಿಂದೆ ತೋಡು ತೋಡಿ ಒಂದು ಕಬ್ಬಿಣದ ಪಟ್ಟಿ ಇಟ್ಟು ತಿರುಪು ಬಿಗಿದು, ಮೇಲೆ ತೆಳ್ಳಗಿನ ಮರ ಅಂಟಿಸಿ ಪಾಲಿಶ್ ಎಳೆದ. ಎಲ್ಲಿ ತೇಪೆ, ಎಲ್ಲಿ ಹಳೇ ಮರ ಎಂದು ಗೊತ್ತಾಗಲಿಲ್ಲ. ಗೌಡರು ಒದ್ದು ನೋಡಿ ನಕ್ಕರು. 'ಆನೆ ಒದ್ರೂ ಅಲ್ಲಾಡಕ್ಕಿಲ್ಲ ಕಣ್ರೀ' ಎಂದ ಅಪ್ಪ. ನಮ್ಮ ಮನೆಯ ಬಾಗಿಲಿಗೆ ಅವನು ಹಾಕುತ್ತಿದ್ದುದು ಬೆರಳಿನುಗುರಷ್ಟು ದಪ್ಪದ ತೇಪೆ, ಬರೀ ಅಂಟಿನ ಮೇಲೆ ನಿಂತದ್ದು. ನೋಡಲು ಅಷ್ಟೇ ಚೆಂದ. ಊರವರ ಬಾಗಿಲಿಗೆ ಪೂರ್ತಿ ಕೆಲಸ ಕೊಡುತ್ತಿದ್ದವನು ಅವ್ವನ ಬಾಗಿಲಿನಲ್ಲಿ ಕೆಲಸ ಕದಿಯುತ್ತಿದ್ದ. ವಾಪಸು ಬರುವಾಗ ಆಟೋದ ಹಿಂದೆ ಕೂತು ಕೇಳಿಯೇ ಬಿಟ್ಟೆ.

"ಅಪ್ಪ, ನಮ್ಮನೇದುಕ್ಕೂ ಯಾಕೆ ಇಂಗೇ ಮಾಡಕ್ಕಿಲ್ಲ ನೀನು?"

ಅವನು ನನ್ನ ಮುಖವನ್ನೇ ನೋಡಿದ. ಸಿಟ್ಟು ಬರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು.

"ಬಾಗ್ಲು ಅಂದ್ಮೇಲೆ ಯಜಮಾನ ತಳ್ಳುದ್ರೆ ತಗೀಬೇಕು ಕಣವ್ವ. ತಗೀದೇ ಇರೋದು ಗೋಡೆ."

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಕೆಲಸ. ಆ ಬಾಗಿಲನ್ನು ಗೋಡೆ ಮಾಡಬೇಕು. ಅವ್ವ ಸಾಯುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಈ ತಿಂಗಳಲ್ಲದಿದ್ದರೆ ಮುಂದಿನ ತಿಂಗಳು ಆ ಕೋಣೆಯ ಮೂಲೆಯಲ್ಲೇ ಸಾಯುತ್ತಾಳೆ, ಮಾರನೆಯ ಬೆಳಿಗ್ಗೆ ಅಪ್ಪ ನನ್ನನ್ನು ಕರೆದು ಟಾರ್ಚ್ ಹಿಡಿಸುತ್ತಾನೆ. ಸ್ಕೂಲಿನಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಚೌಕಟ್ಟು ಬರೆದು ಅಳಿಸುತ್ತಿದ್ದೆ.

ಅವಕಾಶ ಅಪ್ಪನೇ ಕೊಟ್ಟ. ಇನ್ನೊಂದು ಸಲ ಒಡೆದ ಮಾರನೆಯ ದಿನ ಅವನಿಗೆ ಕೆಲಸದ ಅವಸರವಿತ್ತು. 'ನೀನೇ ಮಾಡು, ಎಲ್ಲ ಕಲ್ತಿದ್ದೀಯಲ್ಲ' ಎಂದು ಉಳಿಯನ್ನು ನನ್ನ ಕೈಗೆ ಕೊಟ್ಟು ಹೋದ. ನಾನು ದಿನವಿಡೀ ಕೊರೆದೆ. ಹೊಟ್ಟೆ ಅಗಲ ಮಾಡುವ ಕೈಚಳಕ ಬರಲಿಲ್ಲ, ಆದ್ದರಿಂದ ನೇರ ಗುಂಡಿಯನ್ನೇ ಆಳವಾಗಿ ತೋಡಿ, ಗಟ್ಟಿ ಮತ್ತಿ ಮರ ಇಟ್ಟು, ಅಂಟನ್ನು ಧಾರಾಳವಾಗಿ ಸುರಿದು, ಬಿಗಿಯಾಗಿ ಕಟ್ಟಿ ಒಣಗಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಅವ್ವ ಬಂದು ನೋಡಿ, ಬೆರಳಿನಿಂದ ತಟ್ಟಿ, ನನ್ನ ತಲೆ ಸವರಿ ಹೋದಳು. ಆ ವಾರ ಅವಳು ನಡೆಯುವ ರೀತಿಯೇ ಬೇರೆಯಾಗಿತ್ತು, ನನ್ನ ಕೆಲಸದ ಮೇಲೆ ಅಷ್ಟು ಭರವಸೆ.

ಆ ತೇಪೆ ಮೊದಲ ಒದೆತಕ್ಕೇ ಕಿತ್ತುಬಂತು. ಸೀಳಲಿಲ್ಲ, ಮುರಿಯಲಿಲ್ಲ, ಹಾಲುಹಲ್ಲಿನ ಹಾಗೆ ಇಡಿಯಾಗಿ ಕಳಚಿ ನೆಲಕ್ಕೆ ಬಿತ್ತು. ಬಾಗಿಲು ತಡೆಯುತ್ತದೆಂದು ನಂಬಿ ಅವ್ವ ಮೂಲೆಗೆ ಹೋಗಿರಲಿಲ್ಲ, ಅದರ ಹಿಂದೆಯೇ ನಿಂತಿದ್ದಳು. ಹಲಗೆ ಅವಳ ಕೆನ್ನೆಗೆ ಬಡಿಯಿತು. ಬಿದ್ದವಳನ್ನು ಅಪ್ಪ ಜುಟ್ಟು ಹಿಡಿದು ಎತ್ತಿ ಕಪಾಳಕ್ಕೆ ಹೊಡೆದ, ಮತ್ತೆ ಹೊಡೆದ, ಬಾಗಿಲು ಗಟ್ಟಿ ಮಾಡಿಸ್ಕತೀಯೇನೇ ಎಂದು ಕೇಳಿ ಕೇಳಿ ಹೊಡೆದ. ನಾನು ಅಜ್ಜಿಯ ಕೈ ಕಚ್ಚಿ ಬಿಡಿಸಿಕೊಂಡು ಹೋಗಿ ಅವನ ಕಾಲು ಹಿಡಿದೆ. ಒಂದು ಒದೆತಕ್ಕೆ ಪಡಸಾಲೆಗೆ ಬಂದು ಬಿದ್ದೆ. ಅವ್ವನ ಎಡಗಿವಿಯಿಂದ ರಕ್ತ ಬಂತು. ಆ ಕಿವಿ ಆಮೇಲೆ ಕೇಳಿಸಲೇ ಇಲ್ಲ.

ಬೆಳಿಗ್ಗೆ ಅಪ್ಪ ಬಿದ್ದಿದ್ದ ತೇಪೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. ಮೂಸಿದ. ಅವನ ಮುಖದಲ್ಲಿ ನಗು ಬಂತು.

"ಆಳ ಸರ್ಯಾಗ್ ತೋಡಿದ್ದೀಯ. ಮರಾನೂ ಒಳ್ಳೇದೇ. ಆದ್ರೆ ಎಣ್ಣೆ ಕುಡ್ದಿರೋ ಮರಕ್ಕೆ ಅಂಟು ಕಚ್ಚಕ್ಕಿಲ್ಲ ಕಣವ್ವ. ನಿಮ್ಮವ್ವ ಶುಕ್ರವಾರ ಶುಕ್ರವಾರ ಎಣ್ಣೆ ಉಯ್ದು ಉಯ್ದು ನೋಡು, ಎಂಗಾಗದೆ. ಥಿನ್ನರ್‌ನಾಗೆ ಒರ್ಸ್ಬೇಕು, ಬಟ್ಟೆ ಎಣ್ಣೆ ಬುಡೋದು ನಿಲ್ಲೋಗಂಟ ಒರ್ಸ್ಬೇಕು. ಬಿಸ್ಲು ಕಾಣಿಸ್ಬೇಕು. ಆಮೇಲೆ ಅಂಟು."

"ಒಟ್ಟೆ ಅಗ್ಲ ಮಾಡಕ್ಕೆ ನಂಗೆ ಬರ್ನಿಲ್ಲ," ಎಂದೆ.

"ಉಳೀನ ಓರೆ ಇಡಿ. ಕೊಡು ಇಲ್ಲಿ, ತೋರಿಸ್ತೀನಿ."

ಒಂದು ಮರದ ತುಂಡು ತೆಗೆದುಕೊಂಡು ಅಲ್ಲೇ ಕೂತು ತೋರಿಸಿದ. ಯಾಕೆ ತೋರಿಸಿದ ಎಂದು ಎಷ್ಟೋ ವರ್ಷ ಯೋಚಿಸಿದ್ದೇನೆ. ನಾನು ಹೆಣ್ಣುಮಗು, ಏನು ಮಾಡಿಯಾಳು ಎಂಬ ಸಸಾರ ಒಂದು. ಅದಕ್ಕಿಂತ ಹೆಚ್ಚಾಗಿ, ಕೆಟ್ಟ ಕೆಲಸ ಕಣ್ಣೆದುರು ಬಿದ್ದಿದ್ದರೆ ಅವನಿಗೆ ತಡೆಯಲು ಆಗುತ್ತಿರಲಿಲ್ಲ. ಕೆಲಸದ ಜಂಬ ಅವನಿಗೆ ಹೆಂಡಕ್ಕಿಂತ ಹೆಚ್ಚು ಏರುತ್ತಿತ್ತು. ಅವ್ವ ಗೋಡೆಗೆ ಒರಗಿ ಕಿವಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದಳು. ಅವಳ ಕಣ್ಣು ನನ್ನ ಮೇಲಿತ್ತು, ನನ್ನ ಕಣ್ಣು ಉಳಿಯ ಮೇಲೆ. ಅವನ ಒಂದೊಂದು ಮಾತನ್ನೂ ನುಂಗಿದೆ, ಅವನ ಕೈಯನ್ನು ಕಡಿದು ಹಾಕಬೇಕು ಎಂದುಕೊಳ್ಳುತ್ತಲೇ ಅದು ಹೇಗೆ ತಿರುಗುತ್ತದೆ ಎಂದು ಕಲಿತೆ. ಪಾಠ ಮುಗಿಸಿ ಅವನು ಎಂದಿನಂತೆ ಉಗುರಿನಷ್ಟು ದಪ್ಪದ ತೇಪೆ ಹಾಕಿ, ಹೊಳಪು ಕೊಟ್ಟು ಎದ್ದ.

ಭೇರ್ಯದ ಹತ್ತಿರ ದೊಡ್ಡ ತೊಟ್ಟಿಮನೆಯೊಂದನ್ನು ಕೆಡವುತ್ತಾರೆಂಬ ಸುದ್ದಿ ಬಂದು ಅಪ್ಪ ಬೆಳ್ಳಂಬೆಳಿಗ್ಗೆ ಹೊರಟ ದಿನ ನಾನು ಸ್ಕೂಲಿಗೆ ಹೋಗಲಿಲ್ಲ. ಅವನ ಚೆಂದದ ತೇಪೆಯನ್ನು ಮೊದಲು ಕೆತ್ತಿ ಎಸೆದೆ. ಹಳೇ ಮರವನ್ನು ಥಿನ್ನರಿನಲ್ಲಿ ಒರೆಸಿದೆ. ಬಟ್ಟೆ ಹಳದಿಯಾಯಿತು, ಇನ್ನೊಂದು ಬಟ್ಟೆಯೂ ಹಳದಿಯಾಯಿತು, ಅವ್ವನ ಎಷ್ಟೊಂದು ಶುಕ್ರವಾರಗಳು ಆ ಮರದೊಳಗಿದ್ದವೋ. ಅದರ ಘಾಟಿಗೆ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಚೌಕಟ್ಟನ್ನು ಬಿಸಿಲಿಗೆ ಒಯ್ಯಲಾಗದು ಎಂದು ಅವ್ವ ಬಾಂಡ್ಲಿಯಲ್ಲಿ ಕೆಂಡ ತುಂಬಿ ತಂದಳು. ಥಿನ್ನರ್ ಆರುವ ತನಕ ಅದನ್ನು ಬಾಗಿಲಾಚೆ ಇಡಿಸಿದೆ, ಇಲ್ಲದಿದ್ದರೆ ಮನೆಯೇ ಹತ್ತಿಕೊಳ್ಳುತ್ತಿತ್ತು. ಆಮೇಲೆ ಕಾವು ಕೊಟ್ಟು ಒಣಗಿಸಿ, ಓರೆ ಉಳಿಯಲ್ಲಿ ಹೊಟ್ಟೆ ಅಗಲ ಮಾಡಿದೆ. ಅಜ್ಜಿ ಚಾಪೆಯ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದಳು. ಸಂಜೆ ಮಗನಿಗೆ ಹೇಳಿಬಿಡುತ್ತಾಳೆ ಎಂದು ನಾನು ಮತ್ತೆ ಮತ್ತೆ ಅವಳ ಕಡೆ ತಿರುಗಿ ನೋಡುತ್ತಿದ್ದೆ. ಅವಳು ಗೋಡೆ ಹಿಡಿದು ಎದ್ದು ಬಂದಳು. ಗುಂಡಿಗೆ ಬೆರಳಿಟ್ಟು ಆಳ ನೋಡಿದಳು.

"ಬರೀ ಮರ ಸಾಲ್ದು ಕಣೆ. ಕಬ್ಣದ್ ಪಟ್ಟಿ ಆಕು," ಎಂದಳು. "ಅಂಗಳದಲ್ಲಿ ಆ ದಪ್ಪ ಬಾಗ್ಲು ಅದಲ್ಲ, ಅದ್ರಲ್ಲಿರೋದ ಕಿತ್ಕಂಬಾ."

ಕಿತ್ತು ತಂದು, ತೇಪೆ ಕೂರಿಸಿ ಅದರ ಹಿಂದೆ ಹಾಕಿದೆ. ತಿರುಪು ಬಿಗಿಯುವಾಗ ಅಜ್ಜಿ ನನ್ನ ಹಿಂದೆಯೇ ನಿಂತು, ಇನ್ನೂ ಬಿಗಿ, ಇನ್ನೂ ಬಿಗಿ ಎನ್ನುತ್ತಿದ್ದಳು. ಮೇಲೆ ತೆಳುಮರ ಅಂಟಿಸಿ, ಕಡುಚಹಾ ಬಳಿದು, ಅರಗು ತೀಡಿದೆ. ಬೇಕೆಂದೇ ಒಂದು ಕಡೆ ಅಪ್ಪನ ತೇಪೆಯಲ್ಲಿ ಅವನ ಕಣ್ಣಿಗಷ್ಟೇ ಕಾಣುತ್ತಿದ್ದ ಅಂಚಿನ ಗೆರೆ ಇರುವ ಹಾಗೆ ಸೀಸದಕಡ್ಡಿಯಲ್ಲಿ ಎಳೆದು ಅದರ ಮೇಲೆ ಪಾಲಿಶ್ ಎಳೆದೆ. ನೋಡಿದವರಿಗೆ ಅದು ಅವನ ಕೆಲಸವೇ. ಬಲವಾದದ್ದನ್ನು ದುರ್ಬಲವಾಗಿ ಕಾಣಿಸುವುದು ನಾನು ಸ್ವಂತ ಬುದ್ಧಿಯಿಂದ ಮಾಡಿದ ಮೊದಲ ಪಾಲಿಶ್. ಎಣ್ಣೆ ಹಾಕಬೇಡ, ಅಗುಳಿಗೆ ಮೇಣದಬತ್ತಿ ಉಜ್ಜು ಎಂದು ಅವ್ವನಿಗೆ ಹೇಳಿದೆ. ಅವಳು ಆಗಲೇ ಉಜ್ಜಿದಳು.

ಒಂದೆರಡು ವಾರ ಏನೂ ಆಗಲಿಲ್ಲ. ಕಾಯುವುದೇ ಒಂದು ಹೊಡೆತ. ಆಮೇಲೆ ಒಂದು ಸಂಜೆ ಮತ್ತೆ ಭೇರ್ಯಕ್ಕೆ ಹೋಗಿದ್ದ ಅಪ್ಪ ಬರಿಗೈಯಲ್ಲಿ ಬಂದ. ಅವನು ಕಣ್ಣಿಟ್ಟಿದ್ದ ಬಾಗಿಲುಗಳನ್ನು ಯಾರೋ ಕೊಡಗಿನ ಕಡೆಯವರು ಮೊದಲೇ ಲಾರಿಗೆ ತುಂಬಿಕೊಂಡು ಹೋಗಿದ್ದರಂತೆ. ಚಪ್ಪಲಿ ಒಂದು ಅಂಗಳದಲ್ಲಿ ಬಿತ್ತು, ಇನ್ನೊಂದು ಗೋಡೆಗೆ ಬಡಿಯಿತು. ಅವ್ವ ತಟ್ಟೆ ಇಟ್ಟಳು. ಅವನು ಅದನ್ನು ಒದ್ದ. ಅವ್ವ ಓಡಿ ಬಾಗಿಲು ಹಾಕಿಕೊಂಡಳು, ಅಗುಳಿ ಸರಿದ ಸದ್ದು ನನಗೆ ಕೇಳಿಸಿತು. ಅಜ್ಜಿ ಈ ಸಲ ನನ್ನ ಬಾಯಿ ಮುಚ್ಚಲಿಲ್ಲ, ಕೈ ಹಿಡಿದುಕೊಂಡಳು.

ಮೊದಲ ಒದೆತಕ್ಕೆ ಹೆಂಚುಗಳು ಕಟಕಟ ಎಂದವು, ಬಾಗಿಲು ಮಿಸುಕಲಿಲ್ಲ. ಅಪ್ಪ ಕಾಲನ್ನೇ ನೋಡಿಕೊಂಡ. ಮತ್ತೆ ಒದ್ದ. ಮಣೆ ಎತ್ತಿ ಬಡಿದ, ಮಣೆ ಎರಡಾಯಿತು. ಬೈಗುಳ ಏರುತ್ತಾ ಹೋಯಿತು, ಇವತ್ತು ನಿನ್ ಎಣ ಬೀಳ್ಸೇ ಬೀಳಿಸ್ತೀನಿ ಕಣೆ ಎಂದು ಕಿರುಚುತ್ತಾ ಪಡಸಾಲೆಯ ಈ ತುದಿಗೆ ಬಂದು, ಅಲ್ಲಿಂದ ಗೂಳಿಯ ಹಾಗೆ ಓಡಿಹೋಗಿ ಭುಜ ಕೊಟ್ಟು ಬಿದ್ದ. ಅವನ ಮೈಯೊಳಗೆ ಏನೋ ಲೊಟಕ್ಕೆಂದದ್ದು ನಾವಿಬ್ಬರೂ ಕೇಳಿದೆವು. ಆಮೇಲೆ ಅವನು ನೆಲದಲ್ಲಿದ್ದ. ಬಲತೋಳು ಇರಬಾರದ ಜಾಗದಲ್ಲಿ ತೂಗುತ್ತಿತ್ತು. ಬಾಯಿಂದ ಬರುತ್ತಿದ್ದ ಸದ್ದು ಅವ್ವನ ಸದ್ದಿನ ಹಾಗೆಯೇ ಇತ್ತು. ಅವನು ಬಾಗಿಲನ್ನು ನೋಡಿದ, ಆಮೇಲೆ ನನ್ನನ್ನು.

"ಪಟ್ಟಿ ಆಕಿದ್ದೀಯಾ?"

"ಆಕಿದ್ದೀನಿ."

"ಒಟ್ಟೆ ಅಗ್ಲ ಮಾಡಿ?"

"ಊಂ."

ಅವನ ತುಟಿ ಅಲುಗಿತು. ಹೊಗಳುತ್ತಾನೋ ಎಂದು ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ ಒಳಗೆ ಅಗುಳಿ ಸರಿಯಿತು.

"ತಗೀಬ್ಯಾಡ ಕಣವ್ವ!" ಎಂದು ಕಿರುಚಿದೆ. ಅವನನ್ನು ಎತ್ತಿ ಕೂರಿಸಲು, ನೀರು ಕೊಡಲು ಬರುತ್ತಾಳೆ ಎಂದುಕೊಂಡಿದ್ದೆ. ಇಷ್ಟು ಮಾಡಿ ಕೊಟ್ಟ ಮೇಲೂ ತೆರೆಯುತ್ತಾಳಲ್ಲ ಎಂದು ಅವಳ ಮೇಲೆ ರೋಷ ಉಕ್ಕಿತು. ಬಾಗಿಲು ತೆರೆಯಿತು. ಅವ್ವನ ಕೈಯಲ್ಲಿ ಒನಕೆಯಿತ್ತು. ಭತ್ತ ಕುಟ್ಟುವುದು ನಿಂತು ಎಷ್ಟೋ ಕಾಲವಾಗಿತ್ತು, ಅದು ಆ ಕೋಣೆಯ ಮೂಲೆಯಲ್ಲಿ ಧೂಳು ಹಿಡಿದು ನಿಂತಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿದಳು. ಕಳಚಿದ ಭುಜದ ಮೇಲೆ ಇಳಿಸಿದಳು. ಆಮೇಲೆ ತೊಡೆಯ ಮೇಲೆ, ಒದೆಯುತ್ತಿದ್ದ ಕಾಲಿನ ಮೇಲೆ. ಭತ್ತ ಕುಟ್ಟುವವಳ ಹಾಗೆ ಒಂದೇ ಲಯದಲ್ಲಿ, ಅವಸರವಿಲ್ಲದೆ. ಅಪ್ಪ ತನ್ನ ತಾಯಿಯನ್ನು ಕರೆದ. 'ಅವ್ವಾ, ಇಡ್ಕಳವ್ವಾ' ಎಂದ. ಅಜ್ಜಿ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ಅವನು ಸುಮ್ಮನಾದ ಮೇಲೆ ಅವ್ವ ನಿಲ್ಲಿಸಿ, ಒನಕೆಯನ್ನು ಗೋಡೆಗೆ ಒರಗಿಸಿ, ಆಟೋ ಕರೆದುಕೊಂಡು ಬಾ ಎಂದು ನನ್ನನ್ನು ಕಳಿಸಿದಳು.

ಆಸ್ಪತ್ರೆಯಲ್ಲಿ ಅಪ್ಪ ಬಾಗಿಲುಗಳ ಅಟ್ಟಿ ಮೈಮೇಲೆ ಬಿತ್ತು ಎಂದ. ತೋಳು ಸೇರಿತು, ಕಾಲು ಪೂರ್ತಿ ಸರಿಹೋಗಲಿಲ್ಲ. ಅವ್ವನ ಮೇಲೆ ಅವನು ಮತ್ತೆ ಕೈ ಎತ್ತಲಿಲ್ಲ. ಬೈಯುತ್ತಿದ್ದ, ಅದೂ ಅಂಗಳದಿಂದ. ಒನಕೆ ಎತ್ತಿದ ಮಾರನೆಯ ಬೆಳಿಗ್ಗೆ ಅವ್ವ ಮುದ್ದೆ ತೊಳಸುತ್ತಿದ್ದಳು. ನಾನು ಹತ್ತಿರ ಕೂತು, ಬಾಗಿಲು ತಡೀತಿತ್ತಲ್ಲ, ಯಾಕೆ ತೆಗೆದೆ ಎಂದು ಸಿಟ್ಟಿನಲ್ಲೇ ಕೇಳಿದೆ. ಅವಳು ಕೋಲು ತಿರುಗಿಸುವುದನ್ನು ನಿಲ್ಲಿಸದೆ ಹೇಳಿದಳು.

"ಇಷ್ಟ್ ವರ್ಸ ಅಗುಳಿ ಆಕ್ದೇಟ್ಗೆ ಬಾಗ್ಲು ಕಿತ್ಕಂಡ್ ಬರೋದು ಕಣೆ. ತಲೆ ಮ್ಯಾಲೆ ಕೈ ಇಡೋದ್ ಬುಟ್ರೆ ಇನ್ನೇನ್ಕೂ ಪುರ್ಸೊತ್ತಿರ್ನಿಲ್ಲ. ನೆನ್ನೆ ಬಾಗ್ಲು ತಡೀತು. ಉಸ್ರು ಬುಟ್ಟು ಸುತ್ತ ನೋಡ್ದೆ. ಒನಕೆ ಕಾಣುಸ್ತು."